ದೇಹದ ಗಡಿಯಾರ ಹೊತ್ತು ತಪ್ಪದಂತೆ ಕಾಯುವವರು ಯಾರು?

ರಕ್ತದಲ್ಲಿ ಕಾರ್ಟಿಸಾಲ್ ಎಷ್ಟಿದೆ ಎಂದು ನೋಡಬೇಕಾದರೆ ಲ್ಯಾಬಿನವರು ಸಾಮಾನ್ಯವಾಗಿ ಬೆಳಿಗ್ಗೆ ಎಂಟರ ಹೊತ್ತಿಗೆ ಬರಲು ಹೇಳುತ್ತಾರೆ. ಅದೇ ಮನುಷ್ಯನ ರಕ್ತವನ್ನು ನಡುರಾತ್ರಿ ತೆಗೆದರೆ ಬರುವ ಅಂಕಿಯೇ ಬೇರೆ. ಆರೋಗ್ಯವಂತರಲ್ಲಿ ಈ ಹಾರ್ಮೋನು ನಸುಕಿಗೆ ಮುಂಚೆ ಏರತೊಡಗುತ್ತದೆ. ಎದ್ದ ಸುಮಾರು ಅರ್ಧ ಗಂಟೆಯಲ್ಲಿ ತುದಿ ಮುಟ್ಟಿ, ಹಗಲೆಲ್ಲ ಇಳಿಯುತ್ತ ಹೋಗಿ ಮಧ್ಯರಾತ್ರಿಯ ಆಸುಪಾಸಿನಲ್ಲಿ ತಳ ಕಾಣುತ್ತದೆ. ಮೆಲಟೋನಿನ್‌ನ ದಿನಚರಿ ಇದಕ್ಕೆ ತದ್ವಿರುದ್ಧ. ಕತ್ತಲಾದ ಮೇಲೆ ಏರಿ, ನಡುರಾತ್ರಿಯ ನಂತರ ಉಚ್ಛ್ರಾಯಕ್ಕೆ ಬಂದು, ಬೆಳಗಾಗುವಷ್ಟರಲ್ಲಿ ಇಳಿದುಬಿಡುತ್ತದೆ. ಇನ್ಸುಲಿನ್ ಊಟದ ಹೊತ್ತನ್ನು ಅನುಸರಿಸುತ್ತದೆ.

ಈ ಏರಿಳಿತಗಳು ಹೊತ್ತೆಷ್ಟಾಯಿತು ಎಂದು ತೋರಿಸುತ್ತವೆ, ಅಷ್ಟೆಯೋ? ಅಥವಾ ಹೊತ್ತು ತಪ್ಪದಂತೆ ನೋಡಿಕೊಳ್ಳುವ ಕೆಲಸದಲ್ಲಿ ಅವುಗಳ ಕೈಯೂ ಇದೆಯೋ? ದೇಹದ ದೈನಂದಿನ ಗಡಿಯಾರವನ್ನು ಓದುವ ವಿಜ್ಞಾನಿಗಳು ಅರ್ಧ ಶತಮಾನದಿಂದ ಈ ಪ್ರಶ್ನೆಯ ಸುತ್ತ ವಾದಿಸುತ್ತಿದ್ದಾರೆ. ರಾತ್ರಿ ಪಾಳಿಯಲ್ಲಿ ದುಡಿಯುವವರ ಆರೋಗ್ಯ, ಜೆಟ್ ಲ್ಯಾಗ್, ಸ್ಟೀರಾಯ್ಡ್ ಮಾತ್ರೆ ನುಂಗುವ ಹೊತ್ತು, ದೃಷ್ಟಿಹೀನರ ನಿದ್ದೆ, ಇವೆಲ್ಲವೂ ಈ ಪ್ರಶ್ನೆಯ ಉತ್ತರಕ್ಕೆ ಕಾದಿವೆ.

ವಾದದೊಳಗೆ ಇಳಿಯುವ ಮೊದಲು ‘ಸ್ಥಿರತೆ’ ಎಂದರೇನು ಎಂಬುದನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. ಒಂದು, ನಿಖರತೆ: ಇಂದಿನ ಸುತ್ತು ನಿನ್ನೆಯ ಸುತ್ತಿನಷ್ಟೇ ಉದ್ದವಿರಬೇಕು. ಎರಡು, ಒಳಗಿನ ಒಗ್ಗಟ್ಟು: ಮಿದುಳು, ಯಕೃತ್ತು, ಮೂತ್ರಪಿಂಡ, ಹೃದಯ ಒಂದಕ್ಕೊಂದು ಹೊಂದಿಕೊಂಡು ನಡೆಯಬೇಕು. ಮೂರು, ಜಗ್ಗದಿರುವಿಕೆ: ಒಂದು ರಾತ್ರಿ ಯಕ್ಷಗಾನ ನೋಡುತ್ತ ನಿದ್ದೆಗೆಟ್ಟಿದ್ದಕ್ಕೋ, ಹಬ್ಬದ ದಿನ ಮಧ್ಯಾಹ್ನದ ಊಟ ನಾಲ್ಕಕ್ಕೆ ಆದದ್ದಕ್ಕೋ ಇಡೀ ಗಡಿಯಾರ ಸರಿದುಹೋಗಬಾರದು. ಈ ವಿವಾದದ ಎಷ್ಟೋ ಜಗಳಗಳು ಹುಟ್ಟಿರುವುದು ಒಬ್ಬರು ಒಂದು ಸ್ಥಿರತೆಯನ್ನೂ ಇನ್ನೊಬ್ಬರು ಮತ್ತೊಂದನ್ನೂ ಮನಸ್ಸಿನಲ್ಲಿಟ್ಟುಕೊಂಡು ಮಾತಾಡಿದ್ದರಿಂದ. ಮೂರರಲ್ಲಿ ಅತ್ಯಂತ ಕಡಿಮೆ ಚರ್ಚೆಯಾಗಿರುವುದು ಮೂರನೆಯದು. ಹಾರ್ಮೋನುಗಳ ನಿಜವಾದ ಬಲ ಅಲ್ಲೇ ಹೆಚ್ಚು ಕಾಣುತ್ತದೆ ಎಂಬುದು ಈ ಲೇಖನದ ನಿಲುವು.

ಗಿಡದಿಂದ ಮಿದುಳಿನವರೆಗೆ

1729ರಲ್ಲಿ ಫ್ರಾನ್ಸಿನ ಖಗೋಳಜ್ಞ ಜಾನ್ ಜಾಕ್ ದ ಮೆರಾನ್ ಮುಟ್ಟಿದರೆ ಮುನಿಯಂಥ ಒಂದು ಗಿಡವನ್ನು ಕತ್ತಲಲ್ಲಿಟ್ಟ. ಬಿಸಿಲು ಬೀಳದಿದ್ದರೂ ಎಲೆಗಳು ಹಗಲಿಗೆ ಅರಳಿ ರಾತ್ರಿಗೆ ಮುದುಡಿದವು. ಹೊತ್ತಿನ ಅರಿವು ಜೀವಿಯ ಒಳಗೇ ಇದೆ ಎಂಬ ಸುಳಿವು ಅದು. ಆದರೆ ಅದು ಗಟ್ಟಿ ವಿಜ್ಞಾನವಾಗಲು ಎರಡು ಶತಮಾನ ಬೇಕಾಯಿತು. 1938ರಲ್ಲಿ ನಥಾನಿಯಲ್ ಕ್ಲೈಟ್‌ಮನ್ ತನ್ನ ಸಹಾಯಕನೊಂದಿಗೆ ಅಮೆರಿಕದ ಕೆಂಟಕಿಯ ಮ್ಯಾಮತ್ ಗುಹೆಯೊಳಗೆ 32 ದಿನ ಇದ್ದು, ದಿನವನ್ನು 28 ಗಂಟೆಗೆ ಹಿಗ್ಗಿಸಿ ನೋಡಿದ. ಸಹಾಯಕ ಹೊಂದಿಕೊಂಡ, ಕ್ಲೈಟ್‌ಮನ್‌ನ ದೇಹ ಒಪ್ಪಲಿಲ್ಲ.

1950–60ರ ದಶಕಗಳಲ್ಲಿ ಎರ್ವಿನ್ ಬ್ಯೂನಿಂಗ್, ಕಾಲಿನ್ ಪಿಟೆಂಡ್ರಿ ಮತ್ತು ಯೂರ್ಗೆನ್ ಆಶಾಫ್ ಈ ಕ್ಷೇತ್ರಕ್ಕೆ ಅಡಿಪಾಯ ಹಾಕಿದರು. ಜರ್ಮನಿಯ ಆಂಡೆಕ್ಸ್‌ನಲ್ಲಿ ಆಶಾಫ್ ನೆಲದಡಿಯ ಬಂಕರಿನಲ್ಲಿ ಗಡಿಯಾರ, ಕಿಟಕಿ ಯಾವುದೂ ಇಲ್ಲದೆ ಮನುಷ್ಯರನ್ನು ವಾರಗಟ್ಟಲೆ ಇರಿಸಿದರು. ಕೆಲವರಲ್ಲಿ ಅಚ್ಚರಿಯೊಂದು ಕಂಡಿತು. ನಿದ್ದೆ–ಎಚ್ಚರದ ಚಕ್ರ ಒಂದು ವೇಗದಲ್ಲಿ, ಮೈಶಾಖದ ಚಕ್ರ ಇನ್ನೊಂದು ವೇಗದಲ್ಲಿ ಸಾಗಿ, ಎರಡೂ ಬೇರೆ ಬೇರೆಯಾದವು. ದೇಹದೊಳಗೆ ಒಂದಕ್ಕಿಂತ ಹೆಚ್ಚು ಲಯಗಳಿವೆ, ಅವುಗಳನ್ನು ಯಾವುದೋ ಶಕ್ತಿ ಜೊತೆಯಾಗಿ ಇಟ್ಟಿದೆ, ಆ ಹಿಡಿತ ಸಡಿಲವಾಗಬಲ್ಲದು ಎಂಬ ಮೂರು ಮಾತು ಅಲ್ಲಿಂದ ಹೊರಟವು.

ಭಾರತದಲ್ಲಿ ಈ ವಿದ್ಯೆಯನ್ನು ನೆಲೆಗೊಳಿಸಿದವರು ಎಂ.ಕೆ. ಚಂದ್ರಶೇಖರನ್. ಮಧುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿದ್ದಾಗ ಅವರೂ ಅವರ ಶಿಷ್ಯರೂ ಗುಹೆಯ ಬಾವಲಿಗಳ ಮೇಲೆ ಮಾಡಿದ ಕೆಲಸ ಹೆಸರಾಯಿತು. ಬೆಳಕೇ ಬಾರದ ಗುಹೆಯಲ್ಲಿ ಹಿಡಿದಿಟ್ಟ ಬಾವಲಿ ಕೂಡ, ಸುತ್ತಲಿನ ಬಾವಲಿಗಳು ಹಾರಿ ಹೋಗಿ ಬರುವುದನ್ನೇ ಹಿಡಿದು ತನ್ನ ಹೊತ್ತನ್ನು ಸರಿಯಾಗಿ ಇಟ್ಟುಕೊಳ್ಳುತ್ತಿತ್ತು. ಮನುಷ್ಯರನ್ನು ಕಾಲದ ಸುಳಿವಿಲ್ಲದೆ ಇರಿಸಿ ಅಧ್ಯಯನ ಮಾಡುವ ಕೊಠಡಿಯೂ ಮಧುರೈಯಲ್ಲಿತ್ತು. ನಂತರ ಅವರು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು. ಅಲ್ಲಿ ವಿಜಯ್ ಕುಮಾರ್ ಶರ್ಮ ಅವರ ತಂಡ ಬೇಗ ಹೊರಬರುವ ಹಣ್ಣುನೊಣಗಳನ್ನೂ ತಡವಾಗಿ ಹೊರಬರುವವನ್ನೂ ತಲೆಮಾರುಗಳ ಕಾಲ ಆಯ್ದು ಬೆಳೆಸಿ, ಗಡಿಯಾರದ ವಿಕಾಸವನ್ನು ಪರೀಕ್ಷೆಗೆ ಒಡ್ಡಿತು.

ದೇಹದಲ್ಲಿ ಗಡಿಯಾರ ಎಲ್ಲಿದೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು 1972ರಲ್ಲಿ. ಎರಡು ತಂಡಗಳು ಬೇರೆಬೇರೆಯಾಗಿ ಇಲಿಗಳ ಹೈಪೊಥಲಾಮಸ್‌ನಲ್ಲಿ, ಕಣ್ಣಿನ ನರಗಳು ಕೂಡುವ ಜಾಗದ ಮೇಲಿರುವ ಚಿಕ್ಕ ಗಂಟೊಂದನ್ನು ನಾಶಮಾಡಿದವು. ಸುಪ್ರಾಕಯಾಸ್ಮಾಟಿಕ್ ನ್ಯೂಕ್ಲಿಯಸ್, ಚಿಕ್ಕದಾಗಿ ಎಸ್‌ಸಿಎನ್, ಎಂಬ ಈ ಗಂಟಿನಲ್ಲಿರುವುದು ಸುಮಾರು 20,000 ನರಕೋಶಗಳು. ಸ್ಟೀಫನ್ ಮತ್ತು ಜುಕರ್ ತಂಡದಲ್ಲಿ ಇಲಿಗಳ ಓಡಾಟ ಮತ್ತು ನೀರು ಕುಡಿಯುವ ಲಯ ಅಳಿಸಿಹೋಯಿತು. ಮೂರ್ ಮತ್ತು ಐಕ್ಲರ್ ಅಳೆದದ್ದು ಅಡ್ರಿನಲ್ ಗ್ರಂಥಿಯ ಕಾರ್ಟಿಕೊಸ್ಟಿರೋನನ್ನು. ಇಲಿಗಳಲ್ಲಿ ಇದು ನಮ್ಮ ಕಾರ್ಟಿಸಾಲ್‌ನ ಕೆಲಸ ಮಾಡುವ ಹಾರ್ಮೋನು. ಅದರ ದೈನಂದಿನ ಏರಿಳಿತವೂ ನಿಂತುಹೋಯಿತು. ಮಿದುಳಿನ ಗಡಿಯಾರ ಮತ್ತು ಹಾರ್ಮೋನಿನ ಸಂಬಂಧ ಹೀಗೆ ಮೊದಲ ದಿನದಿಂದಲೇ ಈ ಕಥೆಯಲ್ಲಿದೆ.

ಮೊದಲ ಪಂಥ: ಒಡೆಯ ಒಬ್ಬನೇ, ಹಾರ್ಮೋನು ಅವನ ಆಳು

ಈ ಪಂಥದ ಪ್ರಕಾರ ಹೊತ್ತನ್ನು ಹುಟ್ಟಿಸುವುದು, ಹಿಡಿದಿಡುವುದು ಎರಡೂ ಎಸ್‌ಸಿಎನ್‌ನ ಕೆಲಸ. ಕಣ್ಣಿನಿಂದ ಬೆಳಕಿನ ಸುದ್ದಿ ಅದಕ್ಕೆ ಬರುತ್ತದೆ, ಅದು ನರಗಳ ಮೂಲಕ ಪೀನಿಯಲ್ ಮತ್ತು ಅಡ್ರಿನಲ್ ಗ್ರಂಥಿಗಳಿಗೆ ಆಜ್ಞೆ ಕಳಿಸುತ್ತದೆ. ಹಾರ್ಮೋನು ಆ ಆಜ್ಞೆಯ ಫಲ ಮಾತ್ರ.

ಇದಕ್ಕೆ ದೊಡ್ಡ ಆಧಾರ 1990ರಲ್ಲಿ ಬಂತು. ಹ್ಯಾಮ್‌ಸ್ಟರ್ ಎಂಬ ದಂಶಕದಲ್ಲಿ ದಿನದ ಉದ್ದ 20 ಗಂಟೆಗೆ ಇಳಿದಿದ್ದ ಒಂದು ತಳಿ 1988ರಲ್ಲಿ ಸಿಕ್ಕಿತ್ತು. ಮಾರ್ಟಿನ್ ರಾಲ್ಫ್ ಮತ್ತು ಸಂಗಡಿಗರು ಆ ತಳಿಯ ಎಸ್‌ಸಿಎನ್ ಅಂಗಾಂಶವನ್ನು, ತನ್ನದನ್ನು ಕಳೆದುಕೊಂಡಿದ್ದ ಸಾಮಾನ್ಯ ಹ್ಯಾಮ್‌ಸ್ಟರ್‌ಗೆ ಕಸಿ ಮಾಡಿದರು. ಪಡೆದ ಪ್ರಾಣಿ 20 ಗಂಟೆಯ ದಿನದಲ್ಲಿ ಬದುಕತೊಡಗಿತು. ಯಾರ ಅಂಗಾಂಶವೋ ಅವರ ಹೊತ್ತು. ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಈ ಕ್ಷೇತ್ರದಲ್ಲಿ ಕಡಿಮೆ.

1996ರಲ್ಲಿ ರೇ ಸಿಲ್ವರ್ ತಂಡ ಎಸ್‌ಸಿಎನ್ ಅಂಗಾಂಶವನ್ನು ಪಾಲಿಮರ್ ಚೀಲದೊಳಗೆ ಮುಚ್ಚಿ ಕಸಿ ಮಾಡಿತು. ನರಗಳು ಹೊರಗೆ ಚಾಚಲು ದಾರಿಯಿರಲಿಲ್ಲ, ರಾಸಾಯನಿಕಗಳು ಮಾತ್ರ ಸೋರಬಹುದಿತ್ತು. ಆದರೂ ಪ್ರಾಣಿಯ ಓಡಾಟದ ಲಯ ಮರಳಿತು. ಎಸ್‌ಸಿಎನ್ ತಾನೇ ಏನನ್ನೋ ಸ್ರವಿಸುತ್ತದೆ ಎಂದಾಯಿತು. ಆದರೆ ಇಂಥ ಕಸಿಗಳಿಂದ ಓಡಾಟ ಮರಳಿದರೂ ಹಾರ್ಮೋನುಗಳ ಲಯ ಮರಳಲಿಲ್ಲ ಎಂದು 1999ರ ಅಧ್ಯಯನವೊಂದು ತೋರಿಸಿತು. ಗ್ರಂಥಿಗಳನ್ನು ಲಯಕ್ಕೆ ತರಲು ನರಗಳ ಗಟ್ಟಿ ಸಂಪರ್ಕವೇ ಬೇಕು. ಒಡೆಯನ ಆಜ್ಞೆ ಒಂದೇ ದಾರಿಯಲ್ಲಿ ಹೋಗುವುದಿಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು.

ಈ ಪಂಥ ನಿಖರತೆಯನ್ನು ಚೆನ್ನಾಗಿ ವಿವರಿಸುತ್ತದೆ. ಒಂದೊಂದೇ ಬಿಡಿಸಿ ಸಾಕಿದ ಎಸ್‌ಸಿಎನ್ ಕೋಶಗಳು ತಮ್ಮ ತಮ್ಮ ವೇಗದಲ್ಲಿ ನಡೆಯುತ್ತವೆ ಎಂದು 1995ರಲ್ಲಿ ತಿಳಿದಿತ್ತು. ಗುಂಪಾಗಿ, ಒಂದಕ್ಕೊಂದು ರಾಸಾಯನಿಕ ಸಂಕೇತ ಕೊಡುತ್ತ ಇದ್ದಾಗ ಮಾತ್ರ ಅವು ಒಂದೇ ಹೊತ್ತು ಹಿಡಿಯುತ್ತವೆ. ಆದರೆ ದೇಹದ ಉಳಿದ ಭಾಗ ಹೇಗೆ ಜೊತೆಗೂಡುತ್ತದೆ ಎಂಬ ಪ್ರಶ್ನೆಗೆ ಇಲ್ಲಿ ಪೂರ್ತಿ ಉತ್ತರವಿಲ್ಲ.

ಎರಡನೆಯ ಪಂಥ: ಪ್ರತಿ ಕೋಶಕ್ಕೂ ಗಡಿಯಾರ, ಹಾರ್ಮೋನು ಸುದ್ದಿಗಾರ

1998ರಲ್ಲಿ ಜಿನೀವಾದ ಉಲಿ ಶಿಬ್ಲರ್ ಪ್ರಯೋಗಾಲಯದಿಂದ ಬಂದ ಫಲಿತಾಂಶ ಚಿತ್ರವನ್ನೇ ಬದಲಿಸಿತು. ಪ್ರಾಣಿಯ ಮೈಯಿಂದ ಬೇರೆಯಾಗಿ ವರ್ಷಗಟ್ಟಲೆ ಗಾಜಿನ ತಟ್ಟೆಯಲ್ಲಿ ಬೆಳೆದ ಇಲಿಯ ಸಾಧಾರಣ ಕೋಶಗಳಿಗೆ ರಕ್ತದ ಸೀರಮ್ಮನ್ನು ಗಾಢವಾಗಿ ಹಾಕಿದಾಗ, ಅವುಗಳ ಜೀನ್‌ಗಳು ದಿನದ ಲಯದಲ್ಲಿ ಏರಿಳಿಯತೊಡಗಿದವು. ಕಣ್ಣಿಲ್ಲ, ಮಿದುಳಿಲ್ಲ, ಆದರೂ ಗಡಿಯಾರವಿತ್ತು. ರಕ್ತದಲ್ಲಿರುವ ಯಾವುದೋ ವಸ್ತು ಅವನ್ನೆಲ್ಲ ಒಟ್ಟಿಗೆ ಹೊರಡಿಸಿತ್ತು.

ಆ ವಸ್ತುಗಳಲ್ಲಿ ಮುಖ್ಯವಾದದ್ದು ಯಾವುದು ಎಂಬುದನ್ನು ಅದೇ ತಂಡ 2000ದಲ್ಲಿ ಹೇಳಿತು. ಅಡ್ರಿನಲ್ ಹಾರ್ಮೋನನ್ನು ಹೋಲುವ ಡೆಕ್ಸಾಮೆಥಾಸೋನ್ ಕೊಟ್ಟಾಗ ಇಲಿಗಳ ಯಕೃತ್ತು, ಮೂತ್ರಪಿಂಡ, ಹೃದಯದ ಗಡಿಯಾರಗಳು ಸರಿದವು. ಎಸ್‌ಸಿಎನ್ ಮಾತ್ರ ಜಗ್ಗಲಿಲ್ಲ. ಕಾರಣ ಸರಳ: ಬೆಳೆದ ಪ್ರಾಣಿಯ ಎಸ್‌ಸಿಎನ್‌ನಲ್ಲಿ ಈ ಹಾರ್ಮೋನನ್ನು ಗುರುತಿಸುವ ಗ್ರಾಹಿಗಳು ಇಲ್ಲವೆನ್ನುವಷ್ಟು ಕಡಿಮೆ. ಉಳಿದ ಬಹುತೇಕ ಎಲ್ಲ ಅಂಗಗಳಲ್ಲೂ ಅವು ಇವೆ. ಹಾರ್ಮೋನು ಕೋಶದೊಳಗೆ ಗ್ರಾಹಿಯನ್ನು ಸೇರಿ, ಪೀರಿಯಡ್–1 ಎಂಬ ಗಡಿಯಾರದ ಜೀನ್‌ನ ಹತ್ತಿರವೇ ಹೋಗಿ ಕೂರುತ್ತದೆ. ಸುದ್ದಿ ನೇರವಾಗಿ ಗಡಿಯಾರದ ಯಂತ್ರಕ್ಕೇ ಮುಟ್ಟುತ್ತದೆ.

ಈ ಏರ್ಪಾಟಿನಲ್ಲೊಂದು ಜಾಣತನವಿದೆ. ಕಾರ್ಟಿಸಾಲ್ ಒತ್ತಡದ ಹಾರ್ಮೋನೂ ಹೌದು. ಗಾಬರಿಯಾದಾಗ, ಜ್ವರ ಬಂದಾಗ ಅದು ಹೊತ್ತುಗೊತ್ತಿಲ್ಲದೆ ಏರುತ್ತದೆ. ಪ್ರಧಾನ ಗಡಿಯಾರ ಅದಕ್ಕೆ ಕಿವಿಗೊಡುವಂತಿದ್ದರೆ ಪ್ರತಿ ಗಾಬರಿಗೂ ದೇಹದ ದಿನವೇ ಸರಿದುಹೋಗುತ್ತಿತ್ತು. ಅಡ್ರಿನಲ್ ಗ್ರಂಥಿಯೂ ಬರೀ ಆಜ್ಞಾಪಾಲಕನಲ್ಲ. ಅದಕ್ಕೆ ಅದರದೇ ಗಡಿಯಾರವಿದೆ, ಪಿಟ್ಯೂಟರಿಯಿಂದ ಬರುವ ಆಜ್ಞೆಗೆ ಯಾವ ಹೊತ್ತಿನಲ್ಲಿ ಎಷ್ಟು ಸ್ಪಂದಿಸಬೇಕು ಎಂಬುದನ್ನು ಅದೂ ನಿರ್ಧರಿಸುತ್ತದೆ ಎಂದು ಹೆನ್ರಿಕ್ ಓಸ್ಟರ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದರು.

ಸುದ್ದಿಗಾರ ಇಲ್ಲದಿದ್ದರೆ ಏನಾಗುತ್ತದೆ? 2004ರಲ್ಲಿ ಗಡಿಯಾರದ ಪ್ರೋಟೀನು ಬೆಳಕಾಗಿ ಮಿನುಗುವಂತೆ ಮಾಡಿದ ಇಲಿಗಳು ಬಂದವು. ಎಸ್‌ಸಿಎನ್ ನಾಶವಾದ ಇಲಿಗಳಲ್ಲೂ ಅಂಗಗಳು ಮಿನುಗುತ್ತಲೇ ಇದ್ದವು. ಆದರೆ ಒಂದೇ ಪ್ರಾಣಿಯ ಅಂಗಗಳ ಹೊತ್ತು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಲಯ ಉಳಿದಿತ್ತು, ಒಗ್ಗಟ್ಟು ಹೋಗಿತ್ತು. ಸ್ಥಿರತೆಯ ಎರಡನೆಯ ಅರ್ಥವನ್ನು ಇಷ್ಟು ನೇರವಾಗಿ ತೋರಿಸಿದ ಪ್ರಯೋಗ ಇನ್ನೊಂದಿಲ್ಲ.

ರಾತ್ರಿಯ ಹಾರ್ಮೋನು: ಒಡೆಯನಿಗೇ ಮರಳುವ ಮಾತು

ಮೆಲಟೋನಿನ್‌ನ ಕಥೆ ಬೇರೆ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಚರ್ಮವೈದ್ಯ ಆರನ್ ಲರ್ನರ್ ಅದನ್ನು ದನಗಳ ಪೀನಿಯಲ್ ಗ್ರಂಥಿಗಳಿಂದ ಬೇರ್ಪಡಿಸಿದ. ಅವನು ಹುಡುಕುತ್ತಿದ್ದದ್ದು ಚರ್ಮದ ಬಣ್ಣವನ್ನು ಬದಲಿಸುವ ವಸ್ತುವನ್ನು. 1980ರಲ್ಲಿ ಆಲ್ಫ್ರೆಡ್ ಲೂಯಿ, ತೀಕ್ಷ್ಣ ಬೆಳಕು ಮನುಷ್ಯರಲ್ಲಿ ಮೆಲಟೋನಿನ್ ಸ್ರಾವವನ್ನು ತಡೆಯುತ್ತದೆ ಎಂದು ಕಂಡುಕೊಂಡ. 1983ರಲ್ಲಿ ಆಸ್ಟ್ರೇಲಿಯದ ತಂಡವೊಂದು, ಸದಾ ಕತ್ತಲಲ್ಲಿದ್ದು ಹೊತ್ತು ಜಾರುತ್ತಿದ್ದ ಇಲಿಗಳಿಗೆ ದಿನವೂ ಒಂದೇ ಸಮಯಕ್ಕೆ ಮೆಲಟೋನಿನ್ ಚುಚ್ಚುಮದ್ದು ಕೊಟ್ಟು ಅವುಗಳ ಹೊತ್ತನ್ನು ನಿಲ್ಲಿಸಿ ತೋರಿಸಿತು. ಕಾರ್ಟಿಸಾಲ್ ತಲುಪದ ಎಸ್‌ಸಿಎನ್‌ಗೆ ಮೆಲಟೋನಿನ್ ತಲುಪುತ್ತದೆ, ಅದರ ಗ್ರಾಹಿಗಳು ಅಲ್ಲೇ ಇವೆ.

ಇದರ ಅರ್ಥ ಮನುಷ್ಯರಲ್ಲಿ ಏನೆಂಬುದು ದೃಷ್ಟಿಹೀನರಿಂದ ತಿಳಿಯಿತು. ಮನುಷ್ಯನ ಒಳಗಡಿಯಾರದ ಸಹಜ ಸುತ್ತು 24 ಗಂಟೆಗಿಂತ ಸ್ವಲ್ಪ ಉದ್ದ. 1999ರ ಎಚ್ಚರಿಕೆಯ ಅಳತೆಯ ಪ್ರಕಾರ ಸರಾಸರಿ 24.18 ಗಂಟೆ. ಬೆಳಕು ಕಾಣುವವರಲ್ಲಿ ಈ ಹೆಚ್ಚುವರಿ ನಿಮಿಷಗಳನ್ನು ದಿನವೂ ಬೆಳಗು ಕತ್ತರಿಸುತ್ತದೆ. ಬೆಳಕಿನ ಅರಿವೇ ಇಲ್ಲದ ಅನೇಕರಲ್ಲಿ ಅವು ಸೇರುತ್ತ ಹೋಗುತ್ತವೆ. ಕೆಲವು ವಾರ ರಾತ್ರಿ ಸರಿಯಾಗಿ ನಿದ್ದೆ, ಮತ್ತೆ ಕೆಲವು ವಾರ ಹಗಲಿಡೀ ತೂಕಡಿಕೆ, ರಾತ್ರಿಯೆಲ್ಲ ಎಚ್ಚರ. 2000ದಲ್ಲಿ ಅಮೆರಿಕದ ಆರೆಗಾನ್‌ನ ಸಂಶೋಧಕರು ಇಂಥ ಏಳು ಮಂದಿಗೆ ಮಲಗುವ ಮುನ್ನ 10 ಮಿಲಿಗ್ರಾಂ ಮೆಲಟೋನಿನ್ ಕೊಟ್ಟರು. ಆರು ಮಂದಿಯ ಜಾರುವಿಕೆ ನಿಂತಿತು. ಕೆಲವರಲ್ಲಿ ಪ್ರಮಾಣವನ್ನು ಮೆಲ್ಲಗೆ 0.5 ಮಿಲಿಗ್ರಾಮಿಗೆ ಇಳಿಸಿದರೂ ಹಿಡಿತ ತಪ್ಪಲಿಲ್ಲ. ಎಷ್ಟು ಕೊಟ್ಟರು ಎಂಬುದಕ್ಕಿಂತ ಯಾವಾಗ ಕೊಟ್ಟರು ಎಂಬುದೇ ಇಲ್ಲಿ ಗೆದ್ದಿತು.

ಆದರೆ ಎದುರುವಾದವೂ ಬಲವಾಗಿದೆ. ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ‘ಸಿ57 ಬ್ಲ್ಯಾಕ್ 6’ ತಳಿಯ ಇಲಿಗಳಲ್ಲಿ ಮೆಲಟೋನಿನ್ ತಯಾರಿಸುವ ಜೀನ್‌ಗಳೇ ಕೆಟ್ಟಿವೆ. ಮೆಲಟೋನಿನ್ ಬಹುತೇಕ ಇಲ್ಲದೆಯೇ ಅವುಗಳ ಗಡಿಯಾರ ಅಚ್ಚುಕಟ್ಟಾಗಿ ನಡೆಯುತ್ತದೆ. ಹಾಗಾದರೆ ಮೆಲಟೋನಿನ್ ಗಡಿಯಾರದ ಅನಿವಾರ್ಯ ಭಾಗವಲ್ಲ. ಬೆಳಕಿನ ಸುದ್ದಿ ದುರ್ಬಲವಾದಾಗ ಆಸರೆಯಾಗುವ, ರಾತ್ರಿಯನ್ನು ಮತ್ತೊಮ್ಮೆ ಖಚಿತಪಡಿಸುವ ಸಹಾಯಕ ಎಂಬುದು ಹೆಚ್ಚು ಒಪ್ಪುವ ಮಾತು.

ಮೂರನೆಯ ಪಂಥ: ಹಾರ್ಮೋನು ತಡೆಯೂ ಹೌದು

ಸುದ್ದಿ ಒಯ್ಯುವುದು ಕೆಲಸದ ಅರ್ಧ. ತಪ್ಪು ಸುದ್ದಿಯನ್ನು ತಡೆಯುವುದು ಇನ್ನರ್ಧ. ಇದನ್ನು ತೋರಿಸಿದ ಒಂದು ಪ್ರಯೋಗವನ್ನು ಹತ್ತಿರದಿಂದ ನೋಡಬೇಕು.

ಇಲಿ ರಾತ್ರಿ ತಿನ್ನುವ ಪ್ರಾಣಿ. ಅದಕ್ಕೆ ಹಗಲಲ್ಲಿ ಮಾತ್ರ ಆಹಾರ ಸಿಗುವಂತೆ ಮಾಡಿದರೆ ಯಕೃತ್ತಿನ ಗಡಿಯಾರ ದಿನಗಳುರುಳಿದಂತೆ ತಲೆಕೆಳಗಾಗುತ್ತದೆ, ಎಸ್‌ಸಿಎನ್ ಮಾತ್ರ ಬೆಳಕನ್ನೇ ನಂಬಿಕೊಂಡು ಹಳೆಯ ಹೊತ್ತಿನಲ್ಲೇ ಇರುತ್ತದೆ. ಇದು 2000ದಲ್ಲೇ ತಿಳಿದಿತ್ತು. 2001ರಲ್ಲಿ ಶಿಬ್ಲರ್ ಪ್ರಯೋಗಾಲಯದವರು ಇದೇ ಪ್ರಯೋಗವನ್ನು ಎರಡು ಬಗೆಯ ಇಲಿಗಳಲ್ಲಿ ಮತ್ತೆ ಮಾಡಿದರು. ಒಂದು ಗುಂಪು ಸಾಮಾನ್ಯ ಇಲಿಗಳದ್ದು. ಇನ್ನೊಂದರಲ್ಲಿ ಯಕೃತ್ತಿನ ಕೋಶಗಳಿಗೆ ಅಡ್ರಿನಲ್ ಹಾರ್ಮೋನಿನ ಗ್ರಾಹಿಯೇ ಇರಲಿಲ್ಲ. ಹಾರ್ಮೋನು ಬರೀ ಸುದ್ದಿಗಾರನಾಗಿದ್ದರೆ, ಅದರ ಮಾತು ಕೇಳದ ಯಕೃತ್ತು ದಿಕ್ಕು ತಪ್ಪಬೇಕಿತ್ತು. ಆದದ್ದು ಬೇರೆ. ಗ್ರಾಹಿ ಇಲ್ಲದ ಯಕೃತ್ತು ಹೊಸ ಊಟದ ಹೊತ್ತಿಗೆ ಬೇಗ ಬೇಗ ಹೊಂದಿಕೊಂಡಿತು. ಸಾಮಾನ್ಯ ಇಲಿಯ ಯಕೃತ್ತು ನಿಧಾನವಾಗಿ, ಎಳೆದಾಡಿಕೊಂಡು ಸರಿಯಿತು. ಊಟವನ್ನು ಮತ್ತೆ ರಾತ್ರಿಗೆ ಮರಳಿಸಿದಾಗ ಸಾಮಾನ್ಯ ಇಲಿಯೂ ಚುರುಕಾಗಿ ಹಳೆಯ ಜಾಗಕ್ಕೆ ಬಂತು, ಏಕೆಂದರೆ ಈಗ ಊಟವೂ ಹಾರ್ಮೋನೂ ಒಂದೇ ಮಾತು ಹೇಳುತ್ತಿದ್ದವು.

ನಮ್ಮ ಊರುಗಳ ತೇರಿನಲ್ಲಿ ಹಗ್ಗ ಹಿಡಿದು ಎಳೆಯುವವರು ನೂರಾರು ಮಂದಿ ಇರುತ್ತಾರೆ. ಅದು ದಾರಿ ಬಿಡದಂತೆ, ಅತಿ ವೇಗ ಹಿಡಿಯದಂತೆ ಕಾಯುವವರು ಚಕ್ರದಡಿಗೆ ಮರದ ತುಂಡು ಕೊಡುವ ಕೆಲವೇ ಮಂದಿ. ಅಡ್ರಿನಲ್ ಹಾರ್ಮೋನು ಎರಡೂ ಕೆಲಸ ಮಾಡುತ್ತದೆ. ಮಿದುಳು ಹೇಳಿದ ಕಡೆಗೆ ಅಂಗಗಳನ್ನು ಎಳೆಯುತ್ತದೆ, ಊಟ ತಪ್ಪು ದಿಕ್ಕಿಗೆ ಜಗ್ಗಿದಾಗ ಚಕ್ರಕ್ಕೆ ಅಡ್ಡ ಕೊಡುತ್ತದೆ.

ಇದೇ ಗುಣ ಮಿದುಳಿನೊಳಗೂ ಇದೆ ಎಂದು 2013ರಲ್ಲಿ ಕ್ಯೋಟೋದ ಹಿತೋಶಿ ಒಕಾಮುರಾ ತಂಡ ತೋರಿಸಿತು. ವಾಸೊಪ್ರೆಸಿನ್ ನಮಗೆ ಮೂತ್ರವನ್ನು ಹತೋಟಿಯಲ್ಲಿಡುವ ಹಾರ್ಮೋನಾಗಿ ಪರಿಚಿತ. ಎಸ್‌ಸಿಎನ್ ಕೋಶಗಳೂ ಅದನ್ನು ಒಂದಕ್ಕೊಂದು ಕಳಿಸುವ ಸಂಕೇತವಾಗಿ ಬಳಸುತ್ತವೆ. ಅದರ ಎರಡು ಗ್ರಾಹಿಗಳನ್ನು ತೆಗೆದುಹಾಕಿದ ಇಲಿಗಳಿಗೆ ಬೆಳಕಿನ ವೇಳಾಪಟ್ಟಿಯನ್ನು ಎಂಟು ಗಂಟೆ ಸರಿಸಿದಾಗ, ಸಾಮಾನ್ಯ ಇಲಿಗಳಿಗೆ ವಾರಕ್ಕೂ ಹೆಚ್ಚು ಹಿಡಿಯುವ ಹೊಂದಾಣಿಕೆ ಕೆಲವೇ ದಿನಗಳಲ್ಲಿ ಮುಗಿಯಿತು. ಜೆಟ್ ಲ್ಯಾಗ್ ಇಲ್ಲದ ಇಲಿಗಳು! ಹಾಗೆಂದು ಅವು ಹೆಚ್ಚು ಆರೋಗ್ಯವಂತ ಎಂದಲ್ಲ, ಹೊರಗಿನ ಪ್ರತಿ ಜಗ್ಗಾಟಕ್ಕೂ ಬೇಗ ಮಣಿಯುವ ಗಡಿಯಾರ ಅವುಗಳದು. ಗಂಡು ಇಲಿಗಳ ವೃಷಣ ತೆಗೆದರೆ ಚಟುವಟಿಕೆ ಆರಂಭವಾಗುವ ಹೊತ್ತಿನ ನಿಖರತೆ ಕುಗ್ಗುತ್ತದೆ, ಟೆಸ್ಟೊಸ್ಟಿರೋನ್ ಕೊಟ್ಟರೆ ಮರಳುತ್ತದೆ ಎಂಬ 2007ರ ಫಲಿತಾಂಶವೂ ಇದೇ ಕಡೆ ಬೊಟ್ಟು ಮಾಡುತ್ತದೆ.

ಈ ಪಂಥ ವಿವರಿಸುವುದು ಜಗ್ಗದಿರುವಿಕೆಯನ್ನು. ಅದರ ಮುಂದಿರುವ ತೊಡಕು ಎಂದರೆ ತಡೆ ಎಲ್ಲ ಹೊತ್ತಿನಲ್ಲೂ ಒಂದೇ ಅಲ್ಲ. 2010ರಲ್ಲಿ ಜೆಟ್ ಲ್ಯಾಗ್ ಮಾದರಿಯ ಇಲಿಗಳಲ್ಲಿ ಕಾರ್ಟಿಕೊಸ್ಟಿರೋನ್ ತಯಾರಿಕೆಯನ್ನು ಔಷಧದಿಂದ ತಡೆದಾಗ, ಕೊಟ್ಟ ಹೊತ್ತಿಗೆ ತಕ್ಕಂತೆ ಹೊಂದಾಣಿಕೆ ಕೆಲವೊಮ್ಮೆ ಬೇಗವಾಯಿತು, ಕೆಲವೊಮ್ಮೆ ನಿಧಾನವಾಯಿತು.

ನಾಲ್ಕನೆಯ ಪಂಥ: ಊಟವೇ ಮುಖ್ಯ

ಯಕೃತ್ತಿನಂಥ ಅಂಗಗಳಿಗೆ ಮಿದುಳಿಗಿಂತ ತಟ್ಟೆಯೇ ಹತ್ತಿರ ಎನ್ನುವವರ ಪಂಥ ಇದು. 2019ರಲ್ಲಿ ಕೇಂಬ್ರಿಜ್‌ನ ಜಾನ್ ಓನೀಲ್ ಪ್ರಯೋಗಾಲಯ, ಇನ್ಸುಲಿನ್ ಮತ್ತು ಅದರ ಹತ್ತಿರದ ಬಂಧು ಐಜಿಎಫ್–1 ಕೋಶಗಳಲ್ಲಿ ಪೀರಿಯಡ್ ಪ್ರೋಟೀನಿನ ತಯಾರಿಕೆಯನ್ನು ಹೆಚ್ಚಿಸಿ ಗಡಿಯಾರವನ್ನು ಊಟದ ಹೊತ್ತಿಗೆ ತರುತ್ತವೆ ಎಂದು ವಿವರಿಸಿತು. ಆದರೆ ಇನ್ಸುಲಿನ್ ಇಲ್ಲದಂತೆ ಮಾಡಿದ ಮಧುಮೇಹಿ ಇಲಿಗಳಲ್ಲೂ ಊಟದ ಹೊತ್ತು ಯಕೃತ್ತಿನ ಗಡಿಯಾರವನ್ನು ಸರಿಸಬಲ್ಲದು ಎಂದು 2002ರಲ್ಲೇ ತಿಳಿದಿತ್ತು. 2015ರಲ್ಲಿ ಕರುಳಿನ ಆಕ್ಸಿಂಟೊಮಾಡ್ಯುಲಿನ್ ಎಂಬ ಹಾರ್ಮೋನೂ ಈ ಪಟ್ಟಿಗೆ ಸೇರಿತು. ಊಟದ ಸುದ್ದಿಗೆ ಒಂದೇ ದಾರಿಯಲ್ಲ, ಹಲವು ದಾರಿಗಳಿವೆ ಎಂದು ತೋರುತ್ತದೆ.

ಮನುಷ್ಯರಲ್ಲಿ? ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದಲ್ಲಿ 2017ರಲ್ಲಿ ಹತ್ತು ಮಂದಿ ಆರೋಗ್ಯವಂತ ಯುವಕರ ಮೂರು ಹೊತ್ತಿನ ಊಟವನ್ನೂ ಐದು ಗಂಟೆ ತಡಮಾಡಲಾಯಿತು. ಅವರ ರಕ್ತದ ಗ್ಲೂಕೋಸ್ ಲಯ ಐದು ಗಂಟೆಗೂ ಹೆಚ್ಚು ತಡವಾಯಿತು. ಕೊಬ್ಬಿನ ಅಂಗಾಂಶದಲ್ಲಿ ಗಡಿಯಾರದ ಜೀನ್ ಸುಮಾರು ಒಂದು ಗಂಟೆ ಸರಿಯಿತು. ಮೆಲಟೋನಿನ್ ಮತ್ತು ಕಾರ್ಟಿಸಾಲ್ ಲಯಗಳು ಇದ್ದಲ್ಲೇ ಇದ್ದವು. ಒಂದೇ ದೇಹ, ಒಂದೇ ಪ್ರಯೋಗ, ಮೂರು ಬಗೆಯ ಲಯಗಳು ಮೂರು ಬಗೆಯಲ್ಲಿ ನಡೆದುಕೊಂಡವು. ಊಟಕ್ಕೆ ಬಲವಿದೆ, ಅದರ ಬಲಕ್ಕೆ ಮಿತಿಯೂ ಇದೆ.

ಐದನೆಯ ಪಂಥ: ಗಡಿಯಾರವನ್ನು ಮುಟ್ಟದೆ ಶ್ರುತಿ ಬದಲಿಸುವವು

ಇತ್ತೀಚಿನ ವರ್ಷಗಳಲ್ಲಿ ಓಸ್ಟರ್ ಮತ್ತು ಸಹೋದ್ಯೋಗಿಗಳು ಹಾರ್ಮೋನುಗಳ ಪಾತ್ರವನ್ನು ಮೂರಾಗಿ ವಿಂಗಡಿಸಲು ಸೂಚಿಸಿದ್ದಾರೆ. ಕೆಲವು ಹಾರ್ಮೋನುಗಳು ಗಡಿಯಾರವನ್ನು ಸರಿಸುತ್ತವೆ. ಕೆಲವು ಗಡಿಯಾರವನ್ನು ಬದಿಗಿಟ್ಟು ನೇರವಾಗಿ ಅಂಗದ ಲಯವನ್ನು ನಡೆಸುತ್ತವೆ. ಇನ್ನು ಕೆಲವು ದಿನವಿಡೀ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿದ್ದುಕೊಂಡು, ಅಂಗ ಆ ಲಯವನ್ನು ಹೇಗೆ ಬಳಸುತ್ತದೆ ಎಂಬುದನ್ನು ಬದಲಿಸುತ್ತವೆ. ಮೂರನೆಯದಕ್ಕೆ ಥೈರಾಯ್ಡ್ ಉದಾಹರಣೆ. ಇಲಿಗಳಲ್ಲಿ ಥೈರಾಯ್ಡ್ ಹಾರ್ಮೋನನ್ನು ಏರಿಸಿ ಯಕೃತ್ತನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಪರೀಕ್ಷಿಸಿದಾಗ, ಗಡಿಯಾರದ ಜೀನ್‌ಗಳು ಹೆಚ್ಚೇನೂ ಬದಲಾಗಲಿಲ್ಲ. ಆದರೆ ಕೊಬ್ಬು, ಸಕ್ಕರೆ ನಿರ್ವಹಿಸುವ ಎಷ್ಟೋ ಜೀನ್‌ಗಳ ದೈನಂದಿನ ಲಯ ಬೇರೆಯಾಗಿತ್ತು. ಗಡಿಯಾರ ಸರಿಯಾಗಿದ್ದೂ ಅಂಗದ ದಿನಚರಿ ಬದಲಾಗಬಹುದು ಎಂದಾಯಿತು. ಈ ವಿಂಗಡಣೆ ಹಳೆಯ ಪಂಥಗಳ ಜಗಳವನ್ನು ಸ್ವಲ್ಪ ತಣ್ಣಗಾಗಿಸಿದೆ. ಎಲ್ಲ ಹಾರ್ಮೋನೂ ಒಂದೇ ಕೆಲಸ ಮಾಡಬೇಕೆಂಬ ಹಟ ಬಿಟ್ಟರೆ ಪಂಥಗಳಲ್ಲಿ ಅನೇಕವು ಒಂದೇ ಚಿತ್ರದ ಬೇರೆ ಭಾಗಗಳಾಗಿ ಕಾಣುತ್ತವೆ.

ಬದುಕಿನಲ್ಲಿ ಇದರ ಅರ್ಥ

ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಇರುವ ವ್ಯತ್ಯಾಸ ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ. ಮಕ್ಕಳ ಮನೆಗೆ ಹೋಗುವ ಹಿರಿಯರು ಮೊದಲ ವಾರ ನಡುರಾತ್ರಿ ಎದ್ದು ಕೂರುವುದು ಇದಕ್ಕೇ. ಅವರ ಗಡಿಯಾರ ದಿನಕ್ಕೆ ಸರಿಸುಮಾರು ಒಂದು ಗಂಟೆಯಂತೆ ಸರಿದು ಕೊನೆಗೆ ಹೊಸ ಊರಿಗೆ ಹೊಂದುತ್ತದೆ, ಏಕೆಂದರೆ ಅಲ್ಲಿನ ಬಿಸಿಲು, ಊಟ, ನಿದ್ದೆ ಎಲ್ಲವೂ ಒಂದೇ ಕಡೆ ಎಳೆಯುತ್ತವೆ. ಅದೇ ಅಮೆರಿಕದ ಹೊತ್ತಿಗೆ ಬೆಂಗಳೂರಿನಲ್ಲೇ ಕೂತು ದುಡಿಯುವ ಯುವಕ ಯುವತಿಯರಿಗೆ ಆ ಭಾಗ್ಯವಿಲ್ಲ. ಪಾಳಿ ಮುಗಿಸಿ ಕ್ಯಾಬಿನಲ್ಲಿ ಮನೆಗೆ ಬರುವಾಗ ಮುಖಕ್ಕೆ ಹೊಡೆಯುವ ಬೆಳಗಿನ ಬಿಸಿಲು ಅವರ ಎಸ್‌ಸಿಎನ್ ಅನ್ನು ಮತ್ತೆ ಹಗಲಿಗೇ ಕಟ್ಟಿಹಾಕುತ್ತದೆ. ಅವರಲ್ಲಿ ಬಹುತೇಕರ ಮೆಲಟೋನಿನ್ ಲಯ ವರ್ಷಗಳಾದರೂ ಪೂರ್ತಿ ತಿರುಗುವುದಿಲ್ಲ. ದೇಹವನ್ನು ಕಾಯಲೆಂದು ಇರುವ ತಡೆಯೇ ಇಲ್ಲಿ ಅವರಿಗೆ ಎದುರಾಗುತ್ತದೆ.

ಇದರ ಬೆಲೆಯನ್ನು 2009ರಲ್ಲಿ ಬಾಸ್ಟನ್ನಿನ ಪ್ರಯೋಗವೊಂದು ಅಳೆಯಿತು. 28 ಗಂಟೆಯ ಕೃತಕ ದಿನದಲ್ಲಿ ಹತ್ತು ಮಂದಿಯನ್ನು ಇರಿಸಿದಾಗ, ಒಳಗಡಿಯಾರಕ್ಕೆ ಹನ್ನೆರಡು ಗಂಟೆ ತಲೆಕೆಳಗಾದ ಹೊತ್ತಿನಲ್ಲಿ ಗ್ಲೂಕೋಸ್ ಶೇ. 6, ಇನ್ಸುಲಿನ್ ಶೇ. 22 ಏರಿತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ದೇಹದ ಲಯ ಕೆಡಿಸುವ ಪಾಳಿ ಕೆಲಸವನ್ನು ಕ್ಯಾನ್ಸರ್‌ಗೆ ಬಹುಶಃ ಕಾರಣ ಎಂಬ ವರ್ಗಕ್ಕೆ ಸೇರಿಸಿತು. 2019ರಲ್ಲಿ ರಾತ್ರಿ ಪಾಳಿಯ ಬಗ್ಗೆ ಅದೇ ತೀರ್ಮಾನವನ್ನು ಮತ್ತೆ ಎತ್ತಿಹಿಡಿಯಿತು. ಆಶೆಗೂ ಜಾಗವಿದೆ. 2021ರ ಅಧ್ಯಯನದಲ್ಲಿ ರಾತ್ರಿ ಪಾಳಿಯ ಮಾದರಿಯಲ್ಲಿದ್ದರೂ ಹಗಲಲ್ಲಿ ಮಾತ್ರ ಉಂಡವರಲ್ಲಿ, ರಾತ್ರಿ ಉಂಡವರಲ್ಲಿ ಕಂಡ ಗ್ಲೂಕೋಸ್ ಏರಿಕೆ ಕಾಣಲಿಲ್ಲ. ನಮ್ಮ ಆಸ್ಪತ್ರೆಗಳ ನರ್ಸುಗಳಿಗೆ, ರಾತ್ರಿ ಬಸ್ಸಿನ ಚಾಲಕರಿಗೆ ಇದನ್ನು ತಿಳಿಸಿ ಹೇಳುವ ಕೆಲಸ ಆಗಲೇಬೇಕು.

ವೈದ್ಯರು ಸ್ಟೀರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ತಿಂಡಿಯಾದ ಮೇಲೆ ನುಂಗಲು ಹೇಳುವುದರ ಹಿಂದೆಯೂ ಈ ಲಯವಿದೆ. ಅಡ್ರಿನಲ್ ಸೋತವರಿಗೆ ಸಹಜ ಏರಿಳಿತವನ್ನು ಅನುಕರಿಸುವಂತೆ ನಿಧಾನ ಬಿಡುಗಡೆಯಾಗುವ ಹೈಡ್ರೊಕಾರ್ಟಿಸೋನ್ ಬಂದಿದೆ. ಮೆಲಟೋನಿನ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅಮೆರಿಕದಲ್ಲಿ ಅದು ಚೀಟಿಯಿಲ್ಲದೆ ಸಿಗುವ ಪೂರಕ ಪದಾರ್ಥ. ಕೆನಡಾದಲ್ಲಿ ಮಾರಾಟಕ್ಕಿದ್ದ 31 ಉತ್ಪನ್ನಗಳನ್ನು 2017ರಲ್ಲಿ ಪರೀಕ್ಷಿಸಿದಾಗ, ಬಾಟಲಿಯ ಮೇಲೆ ಬರೆದದ್ದಕ್ಕಿಂತ ಶೇ. 83 ಕಡಿಮೆಯಿಂದ ಶೇ. 478 ಹೆಚ್ಚಿನವರೆಗೆ ವ್ಯತ್ಯಾಸ ಕಂಡಿತು. ಸಂಜೆ ತೆಗೆದುಕೊಂಡರೆ ಗಡಿಯಾರವನ್ನು ಮುಂದಕ್ಕೂ ಬೆಳಿಗ್ಗೆ ತೆಗೆದುಕೊಂಡರೆ ಹಿಂದಕ್ಕೂ ತಳ್ಳುವ ವಸ್ತುವನ್ನು ಬರೀ ನಿದ್ದೆಮಾತ್ರೆಯೆಂದು ನುಂಗುವುದು ಅಪಾಯದ ಅಭ್ಯಾಸ.

ಇನ್ನೂ ಇತ್ಯರ್ಥವಾಗದವು

ಎಸ್‌ಸಿಎನ್ ತಾನು ಸ್ರವಿಸಿ ಕಳಿಸುವ ಸಂಕೇತ ಯಾವುದು? 1996ರ ಪಾಲಿಮರ್ ಚೀಲದ ಪ್ರಯೋಗದ ನಂತರ ಟಿಜಿಎಫ್–ಆಲ್ಫಾ, ಪ್ರೊಕಿನೆಟಿಸಿನ್–2 ಮುಂತಾದ ಹೆಸರುಗಳು ಬಂದಿವೆ. ಕೆಲಸ ಪೂರ್ತಿ ಒಂದರದ್ದೇ ಎಂದು ಯಾವುದೂ ಸಾಬೀತಾಗಿಲ್ಲ.

ಅಂಗಗಳನ್ನು ಜೊತೆಗೂಡಿಸುವಲ್ಲಿ ಕಾರ್ಟಿಸಾಲ್, ಇನ್ಸುಲಿನ್, ಮೈಶಾಖ ಇವುಗಳಲ್ಲಿ ಯಾರ ಪಾಲು ಎಷ್ಟು? ಎಸ್‌ಸಿಎನ್ ಹೊರತು ಉಳಿದ ಅಂಗಗಳು ಮೈಶಾಖದ ಸಣ್ಣ ಏರಿಳಿತಕ್ಕೂ ಹೊಂದಿಕೊಳ್ಳುತ್ತವೆ ಎಂದು 2010ರಲ್ಲಿ ತಿಳಿಯಿತು. ಒಂದನ್ನು ತೆಗೆದರೆ ಇನ್ನೊಂದು ಹೊರೆ ಹೊರುವುದರಿಂದ ಪಾಲು ಹಂಚುವುದು ಕಷ್ಟವಾಗಿದೆ. ಕಾರ್ಟಿಸಾಲ್ ದಿನಕ್ಕೊಂದೇ ಅಲೆಯಾಗಿ ಬರುವುದಿಲ್ಲ, ಸರಿಸುಮಾರು ಗಂಟೆಗೊಂದರಂತೆ ಮಿಡಿತಗಳಾಗಿ ಬರುತ್ತದೆ. ಸ್ಥಿರತೆ ದೊಡ್ಡ ಅಲೆಯಲ್ಲಿದೆಯೋ ಮಿಡಿತಗಳಲ್ಲಿದೆಯೋ ಎಂಬುದೂ ತೆರೆದ ಪ್ರಶ್ನೆ.

ಇಲಿಯಿಂದ ಮನುಷ್ಯನಿಗೆ ಎಷ್ಟು ಹೇಳಬಹುದು? ಇಲಿಯ ಅಡ್ರಿನಲ್ ಹಾರ್ಮೋನು ಏರುವುದು ಸಂಜೆ, ನಮ್ಮದು ಬೆಳಿಗ್ಗೆ. ಬಹಳ ಪ್ರಯೋಗಗಳು ನಡೆದಿರುವುದು ಮೆಲಟೋನಿನ್ ಇಲ್ಲದ ತಳಿಯಲ್ಲಿ. ಮೆಲಟೋನಿನ್ ಮತ್ತು ಕಾರ್ಟಿಸಾಲ್ ಎರಡೂ ಇರುವ, ಹಗಲು ಎಚ್ಚರವಿರುವ ದೇಹದಲ್ಲಿ ಅವೆರಡೂ ಸೇರಿ ಏನು ಮಾಡುತ್ತವೆ ಎಂಬುದರ ಬಗ್ಗೆ ನೇರ ಪುರಾವೆ ತೀರಾ ತೆಳು. ಥೈರಾಯ್ಡ್ ಕುರಿತ ಮೇಲಿನ ಪ್ರಯೋಗವೂ, ಊಟ ತಡಮಾಡಿದ ಪ್ರಯೋಗವೂ ಗಂಡುಗಳ ಮೇಲೇ ನಡೆದವು. ಮುಟ್ಟು, ಬಸಿರು, ಮುಟ್ಟು ನಿಲ್ಲುವ ವಯಸ್ಸು, ಈ ಹಂತಗಳಲ್ಲಿ ಬದಲಾಗುವ ಹಾರ್ಮೋನುಗಳು ಹೆಂಗಸರ ಗಡಿಯಾರವನ್ನು ಎಷ್ಟು ಗಟ್ಟಿ ಮಾಡುತ್ತವೆ, ಎಷ್ಟು ಸಡಿಲ ಮಾಡುತ್ತವೆ ಎಂಬುದು ಅರ್ಧ ಜಗತ್ತಿನ ಪ್ರಶ್ನೆ. ಅದಕ್ಕೆ ಸಿಕ್ಕಿರುವ ಗಮನ ಸಾಲದು.

ಎಲ್ಲಕ್ಕಿಂತ ಕಠಿಣವಾದದ್ದು ಕೊನೆಯದು. ಗಡಿಯಾರದ ತಡೆಯನ್ನು ಔಷಧದಿಂದ ಸಡಿಲಿಸಬಹುದು ಎಂದು ಕ್ಯೋಟೋದ ಇಲಿಗಳು ತೋರಿಸಿವೆ. ಒಮ್ಮೆ ವಿಮಾನ ಹತ್ತುವವರಿಗೆ ಅದು ವರವಾಗಬಹುದು. ವಾರಕ್ಕೊಮ್ಮೆ ಪಾಳಿ ಬದಲಾಗುವ ಕೆಲಸಗಾರರಿಗೆ ಅದನ್ನೇ ಕೊಟ್ಟರೆ, ರಜೆಯ ದಿನದ ಬಿಸಿಲು, ಮನೆಯವರೊಂದಿಗಿನ ಊಟ, ಒಂದು ಆತಂಕದ ರಾತ್ರಿ, ಪ್ರತಿಯೊಂದೂ ಅವರ ಗಡಿಯಾರವನ್ನು ಬೇರೆ ಕಡೆ ಎಳೆಯಬಹುದು. ಯಾರಿಗೆ ಗಡಿಯಾರವನ್ನು ಬಿಗಿ ಮಾಡಬೇಕು, ಯಾರಿಗೆ ಸಡಿಲಿಸಬೇಕು, ಎಷ್ಟು ದಿನ ಎಂಬುದನ್ನು ಇಲಿಗಳು ಹೇಳಲಾರವು. ರಾತ್ರಿ ಪಾಳಿಯಲ್ಲಿರುವ ಹೆಂಗಸರನ್ನೂ ಗಂಡಸರನ್ನೂ ಜೊತೆಗಿಟ್ಟುಕೊಂಡು, ವರ್ಷಗಟ್ಟಲೆ ಅವರ ಹಾರ್ಮೋನುಗಳನ್ನೂ ಆರೋಗ್ಯವನ್ನೂ ಅಳೆಯುವ ಅಧ್ಯಯನಗಳು ಮಾತ್ರ ಅದನ್ನು ಹೇಳಬಲ್ಲವು.